ಬುಧವಾರದ ವಾದ, ಕಮಳಾಬಾಯಿಯ ಕಪ್

ಇದೆಲ್ಲ ಹೀಗೆಯೇ ನಡೆಯಿತೆಂದು ನಾನು ಆಣೆ ಮಾಡಿ ಹೇಳಲಾರೆ. ಮೂವತ್ತು ವರ್ಷದ ಹಿಂದಿನ ಮಾತು. ಅದರಲ್ಲಿ ಅರ್ಧವನ್ನು ನಾನೇ ಕಂಡಿದ್ದೇನೆ, ಕಾಲು ಭಾಗವನ್ನು ಕೇಳಿದ್ದೇನೆ, ಉಳಿದ ಕಾಲು ಭಾಗವನ್ನು ಹೇಳುತ್ತ ಹೇಳುತ್ತ ಸೇರಿಸಿರಬೇಕು. ಕಲಬುರಗಿಯಲ್ಲಿ ಎಂ.ಎ. ಓದುವಾಗ ನಮ್ಮ ಇತಿಹಾಸದ ಮೇಷ್ಟ್ರು ಮೊದಲ ದಿನವೇ ಹೇಳಿಕೊಟ್ಟದ್ದು, ಯಾವ ಸಾಕ್ಷಿಯನ್ನೂ ಸುಮ್ಮನೆ ನಂಬಬಾರದೆಂದು. ಆ ಪಾಠವನ್ನು ನಾನು ಎಲ್ಲ ಸಾಕ್ಷಿಗಳ ಮೇಲೂ ಪ್ರಯೋಗಿಸಿದ್ದೇನೆ, ಒಬ್ಬನನ್ನು ಬಿಟ್ಟು. ಆ ಒಬ್ಬ ಯಾರೆಂದು ನೀವು ಊಹಿಸಬಲ್ಲಿರಿ.

ಹೋದ ತಿಂಗಳು ಭಾಲ್ಕಿಯಲ್ಲಿ ದೊಡ್ಡವ್ವನ ಮನೆಗೆ ಹೋಗಿದ್ದೆ. ದೊಡ್ಡಪ್ಪ ತೀರಿಕೊಂಡು ಬಹಳ ವರ್ಷವಾಯಿತು. ದೊಡ್ಡವ್ವ ಮಗಳು ಮೊಮ್ಮಕ್ಕಳ ನಡುವೆ ಗಟ್ಟಿಯಾಗಿದ್ದಾಳೆ. ಚಹಾಕ್ಕೆ ಹಸಿಶುಂಠಿ ಜಜ್ಜುವ ಸದ್ದಿನಿಂದಲೇ ಅವಳ ಆರೋಗ್ಯ ತಿಳಿಯುತ್ತದೆ. ಅವಳು ಕೊಟ್ಟ ಸ್ಟೀಲ್ ಕಪ್ ಕೈ ಸುಡುತ್ತಿತ್ತು. ಕೈ ಬದಲಿಸುವಾಗ ಬೆರಳಿಗೆ ಸಣ್ಣ ಸಣ್ಣ ಚುಕ್ಕೆಗಳು ತಗುಲಿದವು. ಪಾತ್ರೆ ಅಂಗಡಿಯವರು ಮಷೀನು ಹಿಡಿದು ಕೊರೆದುಕೊಡುವ ಹೆಸರು. ಮರಾಠಿ ಅಕ್ಷರದಲ್ಲಿ ‘ಸೌ. ಕಮಳಾಬಾಯಿ’ ಎಂದಿತ್ತು. ನಮ್ಮ ಮನೆತನದಲ್ಲಿ ಮಾರ್ಥಮ್ಮ, ರತ್ನಮ್ಮ, ಸುಶೀಲಮ್ಮ ಎಲ್ಲ ಇದ್ದಾರೆ, ಕಮಳಾಬಾಯಿ ಇಲ್ಲ.

“ಇದು ನಮ್ಮ ಕಪ್ ಅಲ್ಲಲ್ಲ, ದೊಡ್ಡವ್ವಾ.”

“ನಿಮ್ಮ ದೊಡ್ಡಪ್ಪಂದು. ಕಡೀತನಕ ಅದರಾಗೇ ಕುಡದ.”

“ಎಲ್ಲಿಂದ ಬಂತು?”

“ಒಂದಿನ ಅಂಗಿ ಕಿಸೆದಾಗ ಇಟ್ಕೊಂಡು ಬಂದ. ನಾ ಕೇಳಲಿಲ್ಲ. ಕೇಳಿದ್ರ ಒಂದು ತಾಸು ಹೇಳ್ತಿದ್ದ. ನನಗ ಒಲಿ ಮ್ಯಾಲ ಬ್ಯಾಳಿ ಇತ್ತು.”

ಕಮಳಾಬಾಯಿ ಯಾರೆಂದು ನನಗೆ ಆಗ ನೆನಪಾಯಿತು. ಅವಳ ಜೊತೆಗೆ, ನಾನು ಬಹಳ ಸಲ, ಬಹಳ ಜನರಿಗೆ ಹೇಳಿದ್ದ ಒಂದು ಕತೆಯೂ ನೆನಪಾಯಿತು. ಆ ಕತೆಯಲ್ಲಿ ನಾನು ಸಾಕಷ್ಟು ಒಳ್ಳೆಯವನಾಗಿದ್ದೇನೆ.

ನಮ್ಮದು ಮೆಥಡಿಸ್ಟ್ ಮನೆತನ. ಭಾಲ್ಕಿಯ ನಮ್ಮ ಓಣಿಯಲ್ಲಿ ಅಂಥ ಏಳು ಮನೆಗಳಿದ್ದವು. ಬುಧವಾರ ಸಂಜೆ ಮನೆ ಪ್ರಾರ್ಥನೆ. ವಾರಕ್ಕೊಂದು ಮನೆಯ ಸರದಿ. ನಾಲ್ಕು ಹಾಡು, ಶಾಸ್ತ್ರದ ಅಂದರೆ ಬೈಬಲ್ಲಿನ ಒಂದು ಭಾಗ, ಪ್ರಾರ್ಥನೆ, ಆಮೇಲೆ ಚುರುಮುರಿಯ ಸುಸಲಾ, ಚಹಾ. ದೊಡ್ಡಪ್ಪ ಸಾಮುವೇಲಪ್ಪ ದವಾಖಾನೆಯಲ್ಲಿ ಕಂಪೌಂಡರ. ದೊಡ್ಡವ್ವನ ತಮ್ಮ ಪ್ರಭುದಾಸ ಮಾಮಾ ಔರಾದಿನ ಸಾಲಿಯಲ್ಲಿ ಮಾಸ್ತರ. ಅವರ ಬಸ್ಸು ಬಂದ ಮೇಲೆಯೇ ಪ್ರಾರ್ಥನೆ ಶುರುವಾಗುತ್ತಿತ್ತು. ಶಾಸ್ತ್ರ ಬಲ್ಲವರು ಈ ಇಬ್ಬರೇ ಎಂದು ಓಣಿ ಒಪ್ಪಿಕೊಂಡಿತ್ತು. ಇಬ್ಬರೂ ಒಬ್ಬರನ್ನೊಬ್ಬರು ಒಪ್ಪಿಕೊಂಡಿರಲಿಲ್ಲ. ಮಾಮಾ ಪ್ರತಿ ಪ್ರಾರ್ಥನೆಯ ವರದಿಯನ್ನು ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದರು. ಯಾರು ಓದಲೆಂದು ಬರೆಯುತ್ತಿದ್ದರೋ ತಿಳಿಯದು.

ದೊಡ್ಡಪ್ಪನ ಮನೆಗೆ ಹೊಂದಿಕೊಂಡೇ ಕಮಳಾಬಾಯಿಯ ಮನೆ. ನಡುವೆ ಎದೆಮಟ್ಟದ ಗೋಡೆ. ಅವರು ಬೌದ್ಧರು, ಪಡಸಾಲೆಯಲ್ಲಿ ಬುದ್ಧನ ಪಟ, ಅದರ ಮುಂದೆ ಮೇಣದಬತ್ತಿ. ನಮ್ಮ ಅಜ್ಜ ಮುತ್ಯಾಂದಿರ ಕಾಲದಲ್ಲಿ ಊರು ಅವರನ್ನೂ ನಮ್ಮನ್ನೂ ಒಟ್ಟಿಗೇ ಹೊರಗಿಟ್ಟಿತ್ತು. ಹೊರಗಿದ್ದವರು ಒಂದಾಗಿರುತ್ತಾರೆಂದು ನೀವು ತಿಳಿದಿದ್ದರೆ ನಿಮಗೆ ಹೊರಗಿದ್ದು ಗೊತ್ತಿಲ್ಲ. ಅವರ ಕೊಡದ ನೀರನ್ನು ನಾವು ಕುಡಿಯುತ್ತಿರಲಿಲ್ಲ, ನಮ್ಮದನ್ನು ಅವರು ಕುಡಿಯುತ್ತಿರಲಿಲ್ಲ. ಆಮೇಲೆ ಅವರು ಒಂದು ಧರ್ಮಕ್ಕೆ ಹೋದರು, ನಾವು ಇನ್ನೊಂದಕ್ಕೆ ಬಂದೆವು. ನಮ್ಮ ಮಕ್ಕಳು ಅವರ ಮಕ್ಕಳು ಒಂದೇ ಸಾಲಿಗೆ ಹೋದರು, ನೌಕರಿ ಹಿಡಿದರು. ಗೋಡೆಯ ಮೇಲಿಂದ ಕೊತ್ತಂಬರಿ, ಬೆಂಕಿಪೆಟ್ಟಿಗೆ, ಪೇಪರು ಎಲ್ಲ ದಾಟುತ್ತಿದ್ದವು. ಚಹಾ ಮಾತ್ರ ದಾಟುತ್ತಿರಲಿಲ್ಲ. ಯಾಕೆಂದು ಯಾರೂ ಕೇಳುತ್ತಿರಲಿಲ್ಲ.

ಕಮಳಾಬಾಯಿಯ ಗಂಡ ಮಾರುತಿ ಬೀದರಿನ ಧಾನ್ಯದ ಪೇಟೆ ಗಾಂಧಿ ಗಂಜಿನಲ್ಲಿ ಹಮಾಲ. ದಿನಾ ರೈಲಿಗೆ ಹೋಗಿ ರೈಲಿಗೆ ಬರುತ್ತಿದ್ದ. ನಾನು ರಜೆಗೆ ಬಂದಿದ್ದ ಆ ವರ್ಷ ಅವನಿಗೆ ಲಕ್ವ ಹೊಡೆದು ಮಂಚ ಹಿಡಿದಿದ್ದ. ಇನ್ನು ಮನೆಯಲ್ಲೇ ಇಟ್ಟುಕೊಂಡು ನೋಡಿಕೊಳ್ಳಿರೆಂದು ಡಾಕ್ಟರು ಹೇಳಿ ಕಳುಹಿಸಿದ್ದರು. ಒಂದು ಬುಧವಾರ, ದೊಡ್ಡಪ್ಪನ ಮನೆಯಲ್ಲಿ ಪ್ರಾರ್ಥನೆ ಮುಗಿಯುವಷ್ಟರಲ್ಲಿ, ಕಮಳಾಬಾಯಿ ಗೋಡೆಯ ಆಚೆ ಬಂದು ನಿಂತಳು.

“ಕಂಪೌಂಡರ, ಇವರಿಗೆ ನಿಮ್ಮ ಹಾಡು ಕೇಳಬೇಕಂತರಿ. ಗ್ವಾಡಿ ಮ್ಯಾಲಿಂದ ಅರ್ಧಾನೇ ಕೇಳಸ್ತದ. ಮುಂದಿನ ಬುಧವಾರ ನಮ್ಮ ಮನಿಗಿ ಬರ್ರಿ ಎಲ್ಲಾರೂ. ಚಹಾ ಮಾಡ್ತೇನಿ. ಆದ್ರ ನಾವು ನಿಮ್ಮ ಧರ್ಮಕ್ಕ ಬರಂಗಿಲ್ಲ ಮತ್ತ, ಮೊದಲೇ ಹೇಳ್ತೇನಿ.”

ಹೋಗಿ ನಾಲ್ಕು ಹಾಡು ಹಾಡಿ ಬರುವ ಕೆಲಸ. ಆದರೆ ಅದು ಸರದಿಯ ಪಟ್ಟಿಯಲ್ಲಿಲ್ಲದ ಮನೆ. ಆದ್ದರಿಂದ ವಿಷಯ ಶಾಸ್ತ್ರಕ್ಕೆ ಹೋಯಿತು.

ಶಾಸ್ತ್ರದಲ್ಲಿ ನಿಜವಾಗಿಯೂ ಒಂದು ತೊಡಕಿದೆ. ಯೇಸುಸ್ವಾಮಿ ತನ್ನ ಹನ್ನೆರಡು ಮಂದಿ ಶಿಷ್ಯರನ್ನು ಮೊದಲ ಸಲ ಊರೂರಿಗೆ ಕಳುಹಿಸುವಾಗ, ಹೊರಗಿನವರ ದಾರಿ ಹಿಡಿಯಬೇಡಿ, ನಮ್ಮವರಲ್ಲಿ ದಾರಿ ತಪ್ಪಿದವರ ಹತ್ತಿರ ಮಾತ್ರ ಹೋಗಿ ಎಂದು ಹೇಳಿದ. ಕಡೆಗೆ, ಲೋಕ ಬಿಟ್ಟು ಹೋಗುವಾಗ, ಎಲ್ಲ ಜನಾಂಗಗಳ ಹತ್ತಿರ ಹೋಗಿ ಅವರನ್ನು ಶಿಷ್ಯರನ್ನಾಗಿ ಮಾಡಿ ಎಂದ. ಹಾಗಾದರೆ ಸುವಾರ್ತೆ ಹೊರಟಿದ್ದು ಯಾರಿಗಾಗಿ? ದೊಡ್ಡ ದೊಡ್ಡ ವಿದ್ವಾಂಸರು ಇದರ ಮೇಲೆ ಆಯುಷ್ಯ ಕಳೆದಿದ್ದಾರೆ. ನಮ್ಮ ಓಣಿ ಆರು ಬುಧವಾರ ಕಳೆಯಿತು.

ದೊಡ್ಡಪ್ಪ ಮೊದಲ ಮಾತಿನ ಪಕ್ಷ. “ಮೊದಲು ಹೇಳಿದ್ದೇ ಹುಕುಂ. ನಮ್ಮ ಏಳು ಮನಿ ನೆಟ್ಟಗಿಲ್ಲ, ಬ್ಯಾರೆ ಮನಿಗಿ ಯಾಕ?”

ಮಾಮಾ ಎರಡನೆಯ ಮಾತಿನ ಪಕ್ಷ. “ಕಡೀ ಮಾತೇ ಖರೇ ಮಾತು, ಭಾವಾ. ಆರ್ಡರ್ ಮ್ಯಾಲ ಆರ್ಡರ್ ಬಂದ್ರ ಹಳೇದು ರದ್ದು. ನಮ್ಮ ಇಲಾಖೆದಾಗ ಹಂಗೇ.”

“ಹನ್ನೆರಡು ಮಂದಿಗಿ ಹೇಳಿದ್ದು, ಅವರಾಗ ಒಬ್ಬಾಂವ ಕೈ ಕೊಟ್ಟು ಹನ್ನೊಂದಾದ ಕೂಡಲೇ ಬದಲಾಗ್ತದೇನು ಮಾಸ್ತರ?”

ಹಾಗೆಂದು ಮಾಮಾ ಹೋಗೋಣವೆಂದರೋ? ಇಲ್ಲ. ಎಲ್ಲರ ಹತ್ತಿರ ಹೋಗಬೇಕು ನಿಜ, ಆದರೆ ಶಿಷ್ಯರನ್ನಾಗಿ ಮಾಡಲಿಕ್ಕೆ ಹೋಗಬೇಕು. ಇವಳು ಬರಂಗಿಲ್ಲ ಅಂತ ಮೊದಲೇ ಹೇಳಿಬಿಟ್ಟಿದ್ದಾಳೆ. ಆದ್ದರಿಂದ ಮೊದಲು ಮಾರುತಿಯನ್ನು ಸ್ಪಷ್ಟವಾಗಿ ಒಂದು ಮಾತು ಕೇಳಬೇಕು ಎಂದರು. ಹೀಗೆ ಇಬ್ಬರೂ ಪೂರ್ತಿ ವಿರುದ್ಧ ದಿಕ್ಕಿನಿಂದ ಹೊರಟು ಒಂದೇ ಚಾಪೆಯ ಮೇಲೆ ಕೂತಿದ್ದರು. ತೀರ್ಮಾನವಾಗದೆ ಸರದಿ ಮುಂದೆ ಹೋಗುವಂತಿಲ್ಲ. ಪ್ರಾರ್ಥನೆ ದೊಡ್ಡಪ್ಪನ ಮನೆಯಲ್ಲೇ ನಿಂತುಬಿಟ್ಟಿತು. ದೊಡ್ಡವ್ವ ಆರು ವಾರ ಸುಸಲಾ ಮಾಡಿದಳು.

ಅವಳೂ ಒಂದು ಸಲ ಅಡಿಗೆಮನೆಯ ಬಾಗಿಲಿಗೆ ಬಂದು ಮಾತಾಡಿದ್ದುಂಟು. “ಶಾಸ್ತ್ರದಾಗ ಹೊರಗಿನಾಕಿ ಒಬ್ಬಾಕಿ ಮಗಳಿಗಿ ಜಡ್ಡಂತ ಸ್ವಾಮಿ ಹತ್ತರ ಬಂದು ಕೇಳಿಲ್ಲೇನು? ಸ್ವಾಮಿ ಮೊದಲು ಇಲ್ಲಂದ, ಆಮ್ಯಾಲ ಆಕಿ ಮಾತಿಗಿ ಹೂಂ ಅಂದ. ಅಂವ ಒಂದು ಗಳಿಗ್ಯಾಗ ಬದಲಾದ, ನಿಮಗ ಎಷ್ಟು ವಾರ ಬೇಕು? ಕಮಳಾಬಾಯಿ ಹಾಲು ತರಸಿ ಇಟ್ಟಾಳ. ಒಡೀತಾವ.”

“ಅದು ಬ್ಯಾರೆ ಪ್ರಸಂಗ,” ಎಂದರು ಇಬ್ಬರೂ. ಆರು ವಾರದಲ್ಲಿ ಇಬ್ಬರೂ ಒಮ್ಮತಕ್ಕೆ ಬಂದ ಮಾತು ಅದೊಂದೇ.

ಪ್ರತಿ ಬುಧವಾರ ವಾದ ಬಿಸಿಯೇರಿದ ಹೊತ್ತಿಗೆ ದೊಡ್ಡಪ್ಪ ಏಳುತ್ತಿದ್ದ. “ನಳದಾಗ ನೀರು ಬಂದಾವೇನು ನೋಡಿ ಬರ್ತೇನಿ” ಎಂದು ಹಿತ್ತಲಿಗೆ ಹೋಗಿ ಅರ್ಧ ತಾಸಿಗೆ ಬರುತ್ತಿದ್ದ. ಅವನಿಲ್ಲದಾಗ ಮಾಮಾ ನಾಲ್ಕು ಮಾತು ಗಟ್ಟಿಯಾಗಿ ಆಡಿ ಗೆಲ್ಲುತ್ತಿದ್ದರು. ಅವನು ಬಂದ ಮೇಲೆ ಮತ್ತೆ ಮೊದಲಿನಿಂದ.

ಇನ್ನೊಂದು ಮಾತು ಇಲ್ಲಿ ಹೇಳಬೇಕು. ಮಿಷನ್ನಿನ ಪಾದ್ರಿ ನಿಜಾಮನ ಕಾಲದಲ್ಲಿ ಈ ಕಡೆ ಬಂದಾಗ ಯಾರನ್ನು ಹುಡುಕಿ ಬಂದಿದ್ದ ಎಂಬುದೂ ನಮ್ಮಲ್ಲಿ ಜಗಳದ ವಿಷಯವೇ. ದೊಡ್ಡಪ್ಪ ಹೇಳುವ ಪ್ರಕಾರ ಪಾದ್ರಿ ಬಂದದ್ದು ಅಧಿಕಾರಿಗಳಿಗೂ ಸಾಹುಕಾರರಿಗೂ ಹೇಳಲೆಂದು. ಅವರು ಕುರ್ಚಿ ಕೊಟ್ಟರು, ಶರಬತ್ತು ಕೊಟ್ಟರು, ಕಿವಿ ಮಾತ್ರ ಕೊಡಲಿಲ್ಲ. ಹೊರಗೆ ಅವನ ಕುದುರೆ ಹಿಡಿದು ನಿಂತಿದ್ದ ನಮ್ಮ ಮುತ್ಯಾ ಕಿಟಕಿಯಿಂದ ಎಲ್ಲ ಕೇಳಿಸಿಕೊಂಡ. ಅಂದರೆ ಯಾರಿಗೋ ಹೇಳಿದ್ದು ನಮಗೆ ತಲುಪಿತು. ಕತೆ ಚೆನ್ನಾಗಿದೆ. ಆದರೆ ಖಟಕ ಚಿಂಚೋಳಿಯಲ್ಲಿ, ಸಾಯಗಾಂವಿನಲ್ಲಿ, ಔರಾದಿನಲ್ಲಿ ನಾನು ವಿಚಾರಿಸಿದ ಪ್ರತಿ ಕ್ರೈಸ್ತ ಮನೆತನದಲ್ಲೂ ಪಾದ್ರಿಯ ಕುದುರೆ ಹಿಡಿದ ಒಬ್ಬ ಮುತ್ಯಾ ಇದ್ದಾನೆ. ಅಷ್ಟು ಕುದುರೆಗಳು ಇದ್ದಿರಲಾರವು.

ಈಗ ನನ್ನ ಕತೆ. ನಾನು ಹೇಳಿಕೊಂಡು ಬಂದ ಪ್ರಕಾರ, ಐದನೆಯ ಬುಧವಾರ ನನಗೆ ತಡೆಯಲಾಗಲಿಲ್ಲ. ಎದ್ದು ನಿಂತು, “ನಿಮ್ಮ ವಾದ ಆಮೇಲೆ ಮಾಡ್ರಿ. ಒಬ್ಬ ಮನುಷ್ಯ ಸಾಯಲಿಕತ್ತಾನ. ನಡೀರಿ, ಹೋಗಿ ಹಾಡಿ ಬರೋಣ” ಎಂದೆ. ಹಿರಿಯರು ಬೆರಗಾದರು. ಆದರೂ ಯಾರೂ ಏಳಲಿಲ್ಲ. ಮರುವಾರ ಮಾರುತಿ ತೀರಿಕೊಂಡ. ಈ ಕತೆಯನ್ನು ನಾನು ಕೆಲಸ ಮಾಡಿ ಬಿಟ್ಟ ಮೂರು ಕಾಲೇಜುಗಳ ಸ್ಟಾಫ್ ರೂಮುಗಳಲ್ಲಿ ಹೇಳಿದ್ದೇನೆ. ಧರ್ಮದ ಬಗ್ಗೆ ನನ್ನ ಅನುಮಾನಗಳು ಎಲ್ಲಿಂದ ಶುರುವಾದವು ಎಂಬುದಕ್ಕೆ ಅದು ಪೀಠಿಕೆ.

ಮಾರುತಿಯ ಮಣ್ಣಿಗೆ ಏಳೂ ಮನೆಯವರು ಹೋದರು. ಅದಕ್ಕೆ ಚರ್ಚೆ ಬೇಕಾಗಲಿಲ್ಲ.

ಕಪ್ ಕೆಳಗಿಟ್ಟು ನಾನು ದೊಡ್ಡವ್ವನಿಗೆ ಮಾಮಾನ ನೋಟ್‌ಬುಕ್ಕುಗಳು ಎಲ್ಲಿವೆ ಎಂದು ಕೇಳಿದೆ. ಮಾಮಾ ತೀರಿಕೊಳ್ಳುವ ಮೊದಲು ಅಕ್ಕನ ಮನೆಯ ಟ್ರಂಕಿನಲ್ಲಿ ಇಟ್ಟಿದ್ದರು. ಆ ವರ್ಷದ್ದು ಸಿಕ್ಕಿತು. ಮಾಸ್ತರರ ಗುಂಡು ಅಕ್ಷರ. ಆರೂ ಬುಧವಾರದ ವರದಿಯ ಕೊನೆಗೆ ‘ವಿಷಯವನ್ನು ಮುಂದಿನ ವಾರಕ್ಕೆ ಇಡಲಾಯಿತು’ ಎಂದಿದೆ. ಆರರಲ್ಲೂ, ‘ಸಾಮುವೇಲಪ್ಪನವರು ನೀರು ನೋಡಲು ನಡುವೆ ಎದ್ದು ಹೋದರು’ ಎಂದಿದೆ. ಮಾಮಾ ವಾದದಲ್ಲಿ ಸೋತರೂ ಹಾಜರಿಯಲ್ಲಿ ಬಿಡುವವರಲ್ಲ. ಐದನೆಯ ವಾರದ ಪುಟದಲ್ಲಿ ನಾನಿದ್ದೇನೆ. ‘ಕಲಬುರಗಿಯಿಂದ ಬಂದ ನಮ್ಮ ಹುಡುಗ, ಎರಡು ಮಾತುಗಳನ್ನು ಎರಡು ಬೇರೆ ಕಾಲದ ಜನ ಬರೆದಿರಬಹುದೆಂದು ಒಂದೂವರೆ ತಾಸು ವಿವರಿಸಿದನು. ಹೊತ್ತಾದ ಕಾರಣ ಬೇರೆ ಯಾರಿಗೂ ಮಾತಾಡಲು ಆಗಲಿಲ್ಲ. ಹೋಗಬೇಕೋ ಬೇಡವೋ ಎಂಬುದರ ಬಗ್ಗೆ ಅವನು ಏನೂ ಹೇಳಲಿಲ್ಲ.’

ಪುಟವನ್ನು ಬೆಳಕಿಗೆ ಹಿಡಿದು ನೋಡಿದೆ. ಆಮೇಲೆ ಸೇರಿಸಿ ಬರೆದ ಗುರುತು ಯಾವುದೂ ಇರಲಿಲ್ಲ.

ಕಮಳಾಬಾಯಿ ಈಗ ಬೀದರಿನಲ್ಲಿ ಮಗಳು ಸುಜಾತಾಳ ಹತ್ತಿರ ಇದ್ದಾಳೆಂದು ದೊಡ್ಡವ್ವನೇ ಹೇಳಿದಳು. ಸುಜಾತಾ ನರ್ಸ್. ಮರುದಿನ ಬಸ್ಸಿಗೆ ಹೋದೆ. ಗಾಂಧಿ ಗಂಜಿನಲ್ಲಿ ಇಳಿದು, ತೊಗರಿ ಚೀಲ ಹೊತ್ತ ಹಮಾಲರಿಗೂ ಕೈಗಾಡಿಗಳಿಗೂ ದಾರಿ ಬಿಡುತ್ತ, ಹಿಂದಿನ ಓಣಿಯಲ್ಲಿ ಮನೆ ಹುಡುಕಿದೆ. ಪಡಸಾಲೆಯಲ್ಲಿ ಅದೇ ಬುದ್ಧನ ಪಟ. ಕಮಳಾಬಾಯಿ ಕಣ್ಣು ಕಿರಿದು ಮಾಡಿ ನನ್ನನ್ನು ನೋಡಿದಳು.

“ಕಂಪೌಂಡರನ ತಮ್ಮನ ಮಗಾ ಏನು? ಭಾಳ ಮಾತಾಡ್ತಿದ್ದಿ ನೋಡು, ಅಂವೇ?”

ಅವನೇ ಎಂದೆ. ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತನ್ನು ಹೇಳಿದೆ. ಆಗ ನಾವು ಬರಬೇಕಾಗಿತ್ತು, ಬರಲಿಲ್ಲ, ತಪ್ಪಾಯಿತು.

“ನೀವು ಯಾಕ ಬರಬೇಕು? ಅಂವ ಬರ್ತಿದ್ದನಲ್ಲ.”

“ಯಾರು?”

“ಯಾರಂದ್ರ? ನಿಮ್ಮ ದೊಡ್ಡಪ್ಪ. ಬುಧವಾರಕ್ಕೊಮ್ಮಿ, ಹಿತ್ತಲ ಬಾಗಿಲಿಂದ. ಇವರ ಮಂಚದ ಮ್ಯಾಲ ಕೂತು ಒಂದು ಹಾಡು ಹಾಡಾಂವ. ಧ್ವನಿ ಏನೂ ಚಂದ ಇದ್ದಿಲ್ಲ. ಇವರು ಕಣ್ಣು ಮುಚ್ಕೊಂಡು ಕೇಳವರು. ಚಹಾ ಕುಡಿದು ಹೋಗಾಂವ. ಹೋಗಿ ಮತ್ತ ಅಲ್ಲಿ ಬ್ಯಾಡ ಅಂತ ವಾದ ಮಾಡಾಂವ. ಎಲ್ಲಾ ಕೇಳಸ್ತಿತ್ತು.”

“ನೀವು ಕೇಳಲಿಲ್ಲೇನ್ರಿ, ಯಾಕಂತ?”

“ಕೇಳಿದೆ. ‘ಅವರೆಲ್ಲಾರೂ ಬಂದ್ರ ಮಾರುತಿಗಿ ನಂಬ್ತಿ ಏನು ಅಂತ ಕೇಳ್ತಾರ ಬಾಯಿ. ಜಡ್ಡಿನ ಮನಷ್ಯಾಗ ಯಾಕ ಆ ಕಾಟ. ನಾ ಬಂದ್ರ ಹಾಡಷ್ಟೇ’ ಅಂದ. ನಿನ್ನ ಭಾಷಣನೂ ಕೇಳಸ್ತು ಒಂದಿನ. ಅವತ್ತು ಇವರಿಗೆ ಚಲೋ ನಿದ್ದಿ ಹತ್ತಿತ್ತು.”

ನನ್ನೊಳಗಿನ ಇತಿಹಾಸದ ವಿದ್ಯಾರ್ಥಿ ಆಗಲೂ ಸುಮ್ಮನಿರಲಿಲ್ಲ. ಒಬ್ಬಳೇ ಸಾಕ್ಷಿ, ವಯಸ್ಸು ಎಂಬತ್ತು ದಾಟಿದೆ, ಸತ್ತವನ ಮೇಲೆ ಅಭಿಮಾನವಿದೆ. ಹೊರಗೆ ಬಂದು ದೊಡ್ಡವ್ವನಿಗೆ ಫೋನು ಮಾಡಿ, ಆಗ ನಳದಲ್ಲಿ ನೀರು ವಾರದಲ್ಲಿ ಯಾವ ದಿನ ಬರುತ್ತಿತ್ತು ಎಂದು ಕೇಳಿದೆ. “ಮಂಗಳವಾರ, ಶುಕ್ರವಾರ. ಯಾಕೋ ತಮ್ಮಾ?” ಎಂದಳು. ಅದೂ ನೆನಪೇ, ದಾಖಲೆಯಲ್ಲ. ದೊಡ್ಡಪ್ಪ ಬೀಡಿ ಸೇದಲು ಹೋಗಿರಲೂಬಹುದು.

ಒಳಗೆ ಬಂದಾಗ ಕಮಳಾಬಾಯಿ ಮಗಳಿಗೆ ಅಟ್ಟದ ಮೇಲಿನ ಗಂಟು ಇಳಿಸಲು ಹೇಳುತ್ತಿದ್ದಳು.

“ನಿಮ್ಮ ಮಂದಿ ನಾವು ಕುಡಿದ ಕಪ್ಪಿನಾಗ ಕುಡೀತಾರೋ ಇಲ್ಲೋ ಅಂತ ಒಂದು ಡಜನ್ ಹೊಸಾವು ತಂದಿದ್ದೆ. ಬಾಯಿ ಹಚ್ಚಿದ್ದು ಅಂವ ಒಬ್ಬಾಂವ. ಇವರು ಹೋದ ಮ್ಯಾಲ ಅವನ ಕಪ್ ಅವಂಗೇ ಕೊಟ್ಟೆ. ಉಳದಾವ ಹಂಗೇ ಕಟ್ಟಿ ಇಟ್ಟೇನಿ. ಮ್ಯಾಲ ಸೌ ಅಂತ ಬರದದ, ಗಂಡ ಇದ್ದಾಕಿ ಅಂತ. ನಾ ಹ್ಯಾಂಗ ಬಳಸಲಿ?” ಮಗಳ ಕಡೆ ತಿರುಗಿ, “ಇವತ್ತು ಒಂದು ತೆಗಿ, ಸುಜಾತಾ. ಇಂವ ಕುಡೀಲಿ. ಭಾಳ ತಡಾ ಮಾಡಿ ಬಂದಾನ” ಎಂದಳು.

ಸುಜಾತಾ ಗಂಟನ್ನು ನನ್ನ ಮುಂದೆ ಇಟ್ಟು ಹಾಲು ಕಾಯಿಸಲು ಒಳಗೆ ಹೋದಳು. ಮರಾಠಿ ಪೇಪರಿನಲ್ಲಿ ಸುತ್ತಿ, ಮೇಲೆ ಹಳೆಯ ಸೀರೆಯ ತುಂಡು ಕಟ್ಟಿದ್ದರು. ಬಿಚ್ಚಿದೆ. ಕಪ್ಪುಗಳ ತಳದಲ್ಲಿ ಅಂಗಡಿಯ ಚೀಟಿ ಇನ್ನೂ ಅಂಟಿಕೊಂಡಿತ್ತು. ಒಂದೊಂದಾಗಿ ನೆಲದ ಮೇಲೆ ಇಟ್ಟೆ. ಕಮಳಾಬಾಯಿ ನೋಡುತ್ತಿದ್ದಳು, ನಾಚಿಕೆ ಎನಿಸಿತು, ಆದರೂ ಎಣಿಸಿದೆ. ಅಭ್ಯಾಸಬಲದಿಂದ ಮತ್ತೊಮ್ಮೆ ಎಣಿಸಿದೆ.

ಹನ್ನೊಂದು ಇದ್ದವು.