ಮರದ ಊರಿನಲ್ಲಿ ಅತ್ತೆಯ ಕಡ್ಡಿಪೆಟ್ಟಿಗೆ

ಅತ್ತೆ ಕಳೆದುಹೋದರು. ನಮ್ಮೂರು ಹಳಿಯಾಳದ ಸಂತೆಯಲ್ಲಲ್ಲ, ನಾರ್ವೆ ದೇಶದ ಬರ್ಗೆನ್ ಎಂಬ ಊರಿನಲ್ಲಿ.

ಕಳೆದ ತಿಂಗಳ ಮಾತು. ಹುಬ್ಬಳ್ಳಿಯಿಂದ ಹೊರಟ ಟೂರ್ ಗುಂಪಿನಲ್ಲಿ ನಾನು, ಅತ್ತೆ ಇಬ್ಬರೂ ಇದ್ದೆವು. (ನಮ್ಮ ಯಜಮಾನರಿಗೆ ವಿಮಾನ ಅಂದರೆ ಮಂಡಿನೋವು ಶುರುವಾಗುತ್ತದೆ. ಹಾಗಾಗಿ ಅವರ ಬದಲಿಗೆ ಅವರ ತಾಯಿ.) ಅತ್ತೆಗೆ ಎಪ್ಪತ್ತೆರಡು. ಬರುವುದು ಕನ್ನಡ, ಜೊತೆಗೆ ಚೌಕಾಶಿಗೆ ಸಾಕಾಗುವಷ್ಟು ಮರಾಠಿ. ಕೊರಳಲ್ಲಿ ಇಷ್ಟಲಿಂಗದ ಬೆಳ್ಳಿ ಕರಡಿಗೆ. ಲಿಂಗಪೂಜೆ ಆಗದೆ ಬಾಯಿಗೆ ತುತ್ತಿಡುವವರಲ್ಲ. ಪೂಜೆಗೆ ಊದಿನಕಡ್ಡಿ ಬೇಕೇ ಬೇಕು.

ತೊಂದರೆ ಶುರುವಾದದ್ದೇ ಅಲ್ಲಿ. ವಿಮಾನದಲ್ಲಿ ಕಡ್ಡಿಪೆಟ್ಟಿಗೆ ಒಯ್ಯಲು ಬಿಡುವುದಿಲ್ಲವಲ್ಲ? ಬರ್ಗೆನ್‌ನಲ್ಲಿ ಇಳಿದ ಸಂಜೆಯೇ ಅತ್ತೆ ಒಂದು ಅಂಗಡಿಗೆ ನುಗ್ಗಿ, ಗಾಳಿಯಲ್ಲಿ ಗೀರಿ ತೋರಿಸಿ, ಪೆಟ್ಟಿಗೆ ಸಂಪಾದಿಸಿಬಿಟ್ಟರು. ಮರುದಿನ ಬೆಳಿಗ್ಗೆ ಹೋಟೆಲ್ ರೂಮಿನಲ್ಲಿ ಊದಿನಕಡ್ಡಿ ಹಚ್ಚಿದರು. ಅಲಾರಾಂ ಕಿರುಚಿಕೊಂಡಿತು. ಇಡೀ ಹೋಟೆಲಿನ ಜನ ನೈಟ್ ಡ್ರೆಸ್ಸಿನಲ್ಲೇ ಬೀದಿಗೆ ಬಂದರು. ಇನ್ನೊಮ್ಮೆ ಹೀಗಾಗಬಾರದು ಎಂದು ಮ್ಯಾನೇಜರ್ ನಗುತ್ತಲೇ ಹೇಳಿದ. ಅತ್ತೆ ತಲೆಯಾಡಿಸಿದರು. ಪೂಜೆ ಅರ್ಧಕ್ಕೇ ನಿಂತಿತು. ಖಾಲಿ ಹೊಟ್ಟೆಯಲ್ಲೇ ಊರು ನೋಡಲು ಹೊರಟರು, ಕಡ್ಡಿಪೆಟ್ಟಿಗೆ ಕೈಚೀಲದಲ್ಲಿ.

ಗೈಡ್ ಆ ಊರಿನವರೇ ಆದ ಒಬ್ಬ ನಿವೃತ್ತ ಮೇಷ್ಟ್ರು, ಮಾತೆಲ್ಲ ಇಂಗ್ಲಿಷಿನಲ್ಲಿ. ಗುಂಪು ಚದುರದಿರಲೆಂದು ಕೆಂಪು ಛತ್ರಿ ಎತ್ತಿ ಹಿಡಿದಿದ್ದರು. ಬಂದರಿನ ದಂಡೆಗೆ ಸಾಲಾಗಿ ಹಳೇ ಕಾಲದ ವ್ಯಾಪಾರಿಗಳ ಮಳಿಗೆಗಳು. ಗೋಡೆ, ನೆಲ, ಮೆಟ್ಟಿಲು ಎಲ್ಲವೂ ಮರ. ನಡುವೆ ಇಕ್ಕಟ್ಟಾದ ಓಣಿಗಳು, ಅವಕ್ಕೂ ಹಲಗೆಯದೇ ಹಾಸು. ಇಲ್ಲಿ ಒಣಮೀನಿನ ವ್ಯಾಪಾರ ನಡೆಯುತ್ತಿತ್ತಂತೆ. (ಅದನ್ನು ನಾನು ಕನ್ನಡದಲ್ಲಿ ಹೇಳಿದ ಕೂಡಲೇ ಅತ್ತೆ ಸೆರಗಿನಿಂದ ಮೂಗು ಮುಚ್ಚಿಕೊಂಡರು.) ಈ ಊರು ಒಂದಲ್ಲ ಎರಡಲ್ಲ, ಎಷ್ಟೋ ಸಲ ಸುಟ್ಟಿದೆ ಎಂದರು ಮೇಷ್ಟ್ರು. ಅದಕ್ಕೇ ಆ ಕಾಲದಲ್ಲಿ ಎಂಥ ಚಳಿಯಿದ್ದರೂ ಮಳಿಗೆಯೊಳಗೆ ಬೆಂಕಿ ಹಾಕುವಂತಿರಲಿಲ್ಲ. ಅಡುಗೆಗೆ ಬೇರೆಯೇ ಕಟ್ಟಡ.

ಇದೊಂದನ್ನು ಮಾತ್ರ ನಾನು ಅತ್ತೆಗೆ ಹೇಳಲಿಲ್ಲ. ಬೆಂಕಿಯ ಸುದ್ದಿ ತೆಗೆದರೆ ಬೆಳಗಿನದನ್ನೇ ಎತ್ತಿ ಆಡಿದಂತಾದೀತು ಎಂಬ ಸಂಕೋಚ. ಸ್ವಲ್ಪ ಹೊತ್ತಿನ ಮೇಲೆ ತಿರುಗಿ ನೋಡುತ್ತೇನೆ, ಅತ್ತೆ ಇಲ್ಲ.

ಎಲ್ಲಿಗೆ ಹೋಗಿರುತ್ತಾರೆಂದು ಯಾರನ್ನು ಕೇಳಬೇಕು? ಪೂಜೆಗೆ ಮೂಲೆ ಹುಡುಕಿಕೊಂಡು ಹೋಗಿದ್ದಾರೆ, ಇನ್ನೇನು! ಮೇಷ್ಟ್ರ ಬಳಿ ಓಡಿದೆ. ಅವರು ಕೇಳಿದ್ದು: ಅಮ್ಮನಿಗೆ ಚಳಿ ತಡೆಯುತ್ತದೆಯೇ, ಕಾಲಲ್ಲಿ ಶಕ್ತಿ ಇದೆಯೇ, ಹೋಟೆಲಿನ ವಿಳಾಸ ಅವರ ಹತ್ತಿರ ಇದೆಯೇ? ನಾನು ಹೇಳಿದ್ದು: ಅವರ ಹತ್ತಿರ ಕಡ್ಡಿಪೆಟ್ಟಿಗೆ ಇದೆ.

ಓಣಿ ಓಣಿ ಸುತ್ತಿದೆ. ಕಣ್ಣಿಗಿಂತ ಮೂಗಿಗೇ ಹೆಚ್ಚು ಕೆಲಸ. ಊದಿನಕಡ್ಡಿಯ ವಾಸನೆ ಬಂತೇ? ಅದು ಹೊಗೆಯೇ, ಮೋಡವೇ? ನಾಳೆ ಪೇಪರಿನಲ್ಲಿ ಏನು ಬರಬಹುದು? ಹಳಿಯಾಳದಲ್ಲಿ ಚಹಾ ಕುಡಿಯುತ್ತ ನಮ್ಮ ಯಜಮಾನರು ಅದನ್ನು ಓದುವುದೂ ಕಣ್ಣಿಗೆ ಕಟ್ಟಿತು. ಸಣ್ಣಗೆ ಮಳೆ ಶುರುವಾಯಿತು. ಜೋರಾಗಿ ಬರಲಪ್ಪ, ಎಲ್ಲ ತೋಯಲಿ ಎಂದು ಬೇಡಿಕೊಂಡೆ.

ಅರ್ಧ ಗಂಟೆಯ ಮೇಲೆ ಸಿಕ್ಕರು. ಮಳಿಗೆಗಳ ಹಿಂದಿನ ಅಂಗಳದಲ್ಲಿ, ಸೂರಿನ ಕೆಳಗೆ, ಕಲ್ಲಿನ ಮೆಟ್ಟಿಲ ಮೇಲೆ. ಹಣೆಯಲ್ಲಿ ವಿಭೂತಿ, ಎಡ ಅಂಗೈಯಲ್ಲಿ ಲಿಂಗ, ಪಕ್ಕದಲ್ಲಿ ನೀರಿನ ಬಾಟಲಿ. ಹೊಗೆಯಿಲ್ಲ, ಕಿಡಿಯಿಲ್ಲ. ಪೂಜೆ ಮುಗಿಯುವ ತನಕ ಏದುಸಿರು ಬಿಡುತ್ತ ನಿಂತೆ.

“ಊದಿನಕಡ್ಡಿ ಹಚ್ಚಲಿಲ್ಲೇನ್ರಿ ಅತ್ತಿಯವರ?” ಎಂದು ಕೇಳಿದೆ.

“ಇಷ್ಟ್ ಕಟ್ಟಿಗಿ ನಡುವ ಯಾರರ ಹಚ್ತಾರೇನವಾ? ಡಿಪೋದಾಗ ನಮ್ಮಪ್ಪ ಬೀಡಿ ಸೈತ ಹಚ್ಚಗೊಡ್ತಿದ್ದಿಲ್ಲ.”

ಮರೆತೇಬಿಟ್ಟಿದ್ದೆ. ಅತ್ತೆಯ ತಂದೆ ದಾಂಡೇಲಿಯ ಕಟ್ಟಿಗೆ ಡಿಪೋದಲ್ಲಿ ಕಾವಲುಗಾರರಾಗಿದ್ದವರು. ಸಾಗವಾನಿ ದಿಮ್ಮಿಗಳ ನಡುವೆ ಆಡಿ ಬೆಳೆದ ಹೆಣ್ಣುಮಗಳಿಗೆ ಬೆಂಕಿಯ ಭಯವನ್ನು ನಾನು ಅನುವಾದ ಮಾಡಿ ಹೇಳಬೇಕಿತ್ತೇ?

ಹೋದ ಜೀವ ಬಂದಂತಾಯಿತು. ಆ ಖುಷಿಯಲ್ಲಿ ನನ್ನ ಫಜೀತಿಯನ್ನೆಲ್ಲ ಬಣ್ಣಿಸಿದೆ. ಮೂಗು ಮುಂದೆ ಮಾಡಿ ಓಡಿದ್ದು, ಪೇಪರಿನ ಸುದ್ದಿ, ಮೇಷ್ಟ್ರಿಗೆ ಹೇಳಿದ್ದು, ಒಂದನ್ನೂ ಬಿಡಲಿಲ್ಲ. ಹೇಳುತ್ತ ಹೇಳುತ್ತ ನಾನೇ ನಕ್ಕೆ.

ಅತ್ತೆ ನಗಲಿಲ್ಲ. ಕರಡಿಗೆಯನ್ನು ಸೆರಗಿನೊಳಗೆ ಸೇರಿಸಿಕೊಂಡರು.

“ಹಲಗಿ ಮುಟ್ಟಿ ನೋಡ್ಕೋತ ನಿಂತಿದ್ದೆ. ತಲಿ ಎತ್ತಿದ್ರ ಕೆಂಪು ಛತ್ರಿ ಇಲ್ಲ, ನೀನೂ ಇಲ್ಲ. ಯಾರನ್ನ ಕೇಳ್ಲಿ, ಏನಂತ ಕೇಳ್ಲಿ? ಅಂಜಿಕಿ ತಡೀಲಾರದ ಲಿಂಗ ಕೈಯಾಗ ತೊಗೊಂಡೆ.”

ನನ್ನ ನಗು ಅಲ್ಲೇ ನಿಂತಿತು. ಅತ್ತೆ ಚೀಲದಿಂದ ಕಡ್ಡಿಪೆಟ್ಟಿಗೆ ತೆಗೆದು ನನ್ನ ಕೈಗಿಟ್ಟು ಕೇಳಿದರು:

“ಖರೆ ಹೇಳು, ಇಷ್ಟೊತ್ತು ನೀ ಹುಡಕಿದ್ದು ನನ್ನೋ, ಈ ಕಡ್ಡಿಪೆಟಗಿನೋ?”