ಕಡಗದ ಸಮೇತ ತೂಕ

ಚನ್ನಕ್ಕನ್ನ ಕೆಟ್ಟವಳು ಅಂದೋರ ಬಾಯಿಗೆ ಹುಳ ಬೀಳ! ಆದ್ರೆ ಅವಳ ಮೆತ್ತನೆ ಮನಸ್ಸೇ ಆ ಮಗೂಗೆ ಮುಳುವಾಯ್ತು, ಅದನ್ನೂ ಹೇಳ್ದೇ ಇರಲಾರೆ.

ಎಂಬತ್ತೆರಡನೇ ಇಸವಿ. ಚಿಕ್ಕಜಾಲ ದಾಟಿ ಒಳಗಿದ್ದ ನಮ್ಮೂರ ಅಂಗನವಾಡಿಗೆ ಅವಳು ಟೀಚರ್, ನಾನು ಅಡಿಗೆಯೋಳು. ಚನ್ನಕ್ಕ ಧಾರವಾಡದ ಕಡೆಯೋಳು, ಗಂಡನಿಗೆ ಯಲಹಂಕದ ಕಾರ್ಖಾನೇಲಿ ಕೆಲಸ. ಹೆತ್ತ ಒಂದೇ ಕೂಸನ್ನ ತನ್ನೂರಲ್ಲೇ ಮಣ್ಣು ಮಾಡಿ ಬಂದಿದ್ಲು. ನಮ್ಮೂರ ಮಕ್ಕಳಿಗೆ ಸೀಮೆಸುಣ್ಣದ ಗೆರೆ ಮೇಲೆ ನಡೆಯೋದು, ಒಂಟಿಕಾಲಲ್ಲಿ ಕುಂಟೋದು, ಹುಣಸೆಬೀಜ ಒಂದೊಂದೇ ಎತ್ತಿ ಡಬ್ಬಿಗೆ ಹಾಕೋದು, ಎಲ್ಲಾ ಕಲಿಸಿದ್ದು ಅವಳೇ. ತಾನೂ ಸೀರೆ ಎತ್ತಿ ಕಟ್ಟಿ ಕುಂಟ್ತಿದ್ಲು, ನಮಗೆ ನಗು ತಡೀತಿರಲಿಲ್ಲ.

ತಿಂಗಳಿಗೊಂದ್ಸಲ ಮಕ್ಕಳನ್ನ ತೊಲೆಗೆ ನೇತುಹಾಕಿದ ತಕ್ಕಡಿ ಚೀಲದಲ್ಲಿ ಕೂರಿಸಿ ತೂಗಿ, ವಯಸ್ಸಿಗೆ ತಕ್ಕ ತೂಕದ ಗೆರೆಗಳಿರೋ ಕಾರ್ಡಿನ ಮೇಲೆ ಚುಕ್ಕಿ ಇಡಬೇಕು. ಚುಕ್ಕಿ ಮೇಲಿನ ಗೆರೆಯಿಂದ ಕೆಳಗಿಳಿದ್ರೆ ಮಗು ಬೆಳೀತಿಲ್ಲ ಅಂತ ಲೆಕ್ಕ. ಅಂಥದಕ್ಕೆ ಎರಡು ಪಾಲು ಹಿಟ್ಟು, ಜೊತೆಗೆ ಡಾಕ್ಟರ ಹತ್ರ ಕರ್ಕೊಂಡು ಹೋಗ್ಬೇಕು.

ಯಲ್ಲಮ್ಮನ ಮಗ ಮುನಿಯನಿಗೆ ಆಗ ಮೂರು ವರ್ಷ. ಅವನಿಗಿಂತ ಮುಂಚಿನ ಇಬ್ರೂ ಹೋಗಿದ್ರು. ಇವನಾದ್ರೂ ಉಳೀಲಿ ಅಂತ ಹರಕೆ ಹೊತ್ತು ಎರಡೂ ಕಾಲಿಗೆ ದಪ್ಪ ಬೆಳ್ಳಿ ಕಡಗ, ಸೊಂಟಕ್ಕೆ ಬೆಳ್ಳಿ ಉಡಿದಾರ ಹಾಕಿದ್ಲು. ಐದು ವರ್ಷ ತುಂಬೋವರೆಗೂ ಮೈಯಿಂದ ತೆಗೆಯೋ ಹಂಗಿಲ್ಲ.

"ತೂಗೋವಾಗಾದ್ರೂ ತೆಗೆಸಿ ಟೀಚರಮ್ಮ" ಅಂದೆ.

"ಆಕಿ ಎರಡು ಕೂಸು ಕಳಕೊಂಡಾಳ ಮಾರಕ್ಕ. ನಾ ಯಾವ ಬಾಯಿಲೆ ತಗಿ ಅನ್ಲಿ?" ಅಂದ್ಲು. ಬೆಳ್ಳಿಗೆ ಅಂತ ಅಂದಾಜು ಕಾಲು ಕಿಲೋ ಕಳೆದು ಬರ್ಕೊಂಡ್ಲು.

ಆಮೇಲೆ ಮುನಿಯನಿಗೆ ಜ್ವರ ಬಂತು, ಕೊರಳಿಗೆ ತಾಮ್ರದ ತಾಯಿತ ಬಂತು. ಭೇದಿ ಹತ್ತಿತು, ಉಡಿದಾರಕ್ಕೆ ಸೀಸದ ಗುಂಡು ಸೇರ್ತು. ಕೆಮ್ಮಿಗೆ ಕಬ್ಬಿಣದ ಬಳೆ. ಕಾಯಿಲೆಗೊಂದು ಲೋಹ! ಚನ್ನಕ್ಕ ಮಾತ್ರ ಅದೇ ಕಾಲು ಕಿಲೋ ಕಳೀತಾ ಬಂದ್ಲು. ಚುಕ್ಕಿ ಗೆರೆಗೆ ತಾಗಿಕೊಂಡೇ ಇತ್ತು. ಕಾರ್ಡು ನೋಡಿ ಯಲ್ಲಮ್ಮ ಹಿಗ್ಗಿದ್ದೇ ಹಿಗ್ಗು.

ನನ್ನ ಕಣ್ಣೆಲ್ಲಾ ಮುನಿಯನ ಕಾಲ ಮೇಲೆ. ಯುಗಾದಿ ಹೊತ್ತಿಗೆ ಹೊಸ್ತಿಲಿಂದ ಎರಡೂ ಕಾಲು ಕೂಡಿಸಿ ದುಮುಕ್ತಿದ್ದೋನು, ಶ್ರಾವಣಕ್ಕೆ ಗೋಡೆ ಹಿಡ್ಕೊಂಡು ಇಳಿಯೋಕೆ ಶುರು ಮಾಡ್ದ. ಗೌರಿಹಬ್ಬಕ್ಕೆ ಇಳೀಲೇ ಇಲ್ಲ. ಹೊಸ್ತಿಲ ಮೇಲೆ ಕೂತು ಬೇರೆ ಮಕ್ಕಳು ಕುಂಟೋದನ್ನ ನೋಡ್ತಿದ್ದ. ನಾನು ಅದನ್ನ ಹೇಳಿದ್ದಕ್ಕೆ ಚನ್ನಕ್ಕ, "ಕಡಗ ಭಾರ ಆಗಿರಬೇಕ ಬಿಡ. ಕಾರ್ಡಿನ್ಯಾಗ ಛಲೋ ಅದಾನಲ್ಲ" ಅಂದ್ಲು. ನಾನಾದ್ರೂ ಜಗಳ ಆಡ್ಬೇಕಿತ್ತು. ಸುಮ್ನಿದ್ದುಬಿಟ್ಟೆ, ನನ್ನ ಬುದ್ಧಿಗಿಷ್ಟು ಮಣ್ಣು ಹಾಕ.

ದಸರಾ ಕಳೆದ ಮೇಲೆ ಒಂದು ಬೆಳಿಗ್ಗೆ ಮುನಿಯನ್ನ ಚೀಲಕ್ಕೆ ಎತ್ತುವಾಗ ಕಡಗ ಪಾದ ದಾಟಿ ತಾನಾಗೇ ಕಳಚಿ ಠಣ್ ಅಂತ ಬಿತ್ತು. ಚನ್ನಕ್ಕ ಮುನಿಯನ ಕಾಲು ಹಿಡಿದು ನೋಡಿದ್ಲು. ಬೇಡ ಬೇಡ ಅಂತ ಯಲ್ಲಮ್ಮ ಕೈ ಹಿಡಿದ್ರೂ ಬಿಡದೆ ಎಲ್ಲಾ ಬಿಚ್ಚಿ ತೂಗಿದ್ಲು. ಬಿಚ್ಚಿದ ಲೋಹವೇ ಒಂದು ಕಿಲೋ ಮೇಲಿತ್ತು. ಮುನಿಯನ ಚುಕ್ಕಿ ಕೊನೇ ಗೆರೆಗೂ ಕೆಳಗಿಳೀತು. ಹಂಗೇ ಎತ್ಕೊಂಡು ಬಸ್ಸು ಹತ್ತಿ, ಹೆಬ್ಬಾಳ ದಾಟಿ ಆಸ್ಪತ್ರೆಗೆ ಹೋದ್ವಿ. "ಇಷ್ಟು ದಿನ ಏನ್ಮಾಡ್ತಿದ್ರಿ?" ಅಂದ್ರು ಡಾಕ್ಟರು. ನಾಲ್ಕನೇ ದಿನ ಮುನಿಯ ಹೋಗ್ಬಿಟ್ಟ.

ಎರಡು ವರ್ಷ ಬಿಟ್ಟು ಯಲ್ಲಮ್ಮ ಹೆಣ್ಣುಮಗೂನ ಎತ್ಕೊಂಡು ಬಂದ್ಲು. ಕಾಲಲ್ಲಿ ಅದೇ ಕಡಗ, ಅಕ್ಕಸಾಲಿ ಹತ್ರ ಬಿಗಿ ಮಾಡಿಸಿದ್ಲು. ಚನ್ನಕ್ಕ ಈ ಸಲ ಮನಸ್ಸು ಗಟ್ಟಿ ಮಾಡ್ಕೊಂಡು, "ತಗಿಯವ್ವಾ, ನಿನಗ ಕೈ ಮುಗಿತೇನಿ" ಅಂದ್ಲು.

ಯಲ್ಲಮ್ಮ ಸಿಟ್ಟಾಗಲಿಲ್ಲ. ಮಗೂನ ಎದೆಗವಚ್ಕೊಂಡು ಕೇಳಿದ್ಲು: "ಅವತ್ತು ಇಂಗೇ ತೆಗ್ದಿದ್ಕೇ ಅಲ್ವಾ ಟೀಚರಮ್ಮ, ನನ್ ಮುನಿಯ ನಾಕೇ ದಿನಕ್ಕೆ ಓಗಿದ್ದು?"

ಚನ್ನಕ್ಕ ತಕ್ಕಡಿ ಚೀಲ ಬಿಡಿಸಿ ಹಿಡಿದ್ಲು. ಮಗೂನ ಕಡಗದ ಸಮೇತ ತೂಗಿದ್ವಿ.