ಸಡಿಲವಾದದ್ದು ಚಿಕ್ಕಮ್ಮನ ಕೈಯಲ್ಲ

ಆ ಬೆಳಿಗ್ಗೆ ಕಾರಿನ ಬ್ಯಾಟರಿಯ ಕ್ಲ್ಯಾಂಪನ್ನು ಬಿಚ್ಚಿದ್ದು ನಾನು. ವನಜ ಚಿಕ್ಕಮ್ಮ ಬಿಗಿ ಮಾಡಲು ಮರೆತದ್ದಲ್ಲ, ಅವಳ ಕೈಯ ಬಲ ಸಾಲದೆ ಹೋದದ್ದೂ ಅಲ್ಲ. ನಾನೇ — ಬೇಕೆಂದೇ — ಸ್ಪ್ಯಾನರ್ ಹಿಡಿದು ಬಿಚ್ಚಿದೆ. ಬೈಪಾಸ್ ರಸ್ತೆಯ ಮೇಲ್ಸೇತುವೆಯ ಮೇಲೆ ನಮ್ಮ ಕಾರು ಒಮ್ಮೆಲೇ ಸತ್ತುಹೋದ ಕಥೆಯನ್ನು ಮದುವೆ ಮನೆಗಳಲ್ಲಿ, ಆಫೀಸಿನ ಊಟದ ಹೊತ್ತಿನಲ್ಲಿ ಎಷ್ಟು ಜನರ ಮುಂದೆ ಹೇಳಿದ್ದೇನೋ. ಪ್ರತಿ ಸಲವೂ ಕೊನೆಗೆ, "ಪಾಪ, ವಯಸ್ಸಾಯಿತಲ್ಲ, ಸರಿಯಾಗಿ ಬಿಗಿ ಮಾಡಿರಲಿಲ್ಲ" ಎಂದು ಸೇರಿಸಿದ್ದೇನೆ. ಅದನ್ನು ಕೇಳಿದವರು ಇದನ್ನೂ ಕೇಳಬೇಕು.

ವನಜ ಚಿಕ್ಕಮ್ಮ ನನ್ನ ಅಮ್ಮನ ತಂಗಿ. ನಾನು ಹೈಸ್ಕೂಲಿನಲ್ಲಿದ್ದಾಗ ಅಮ್ಮ ತೀರಿಕೊಂಡಳು. ಅಂದಿನಿಂದ ಈ ತಮಿಳು ಸೀಮೆಯ ಕ್ರೋಂಪೇಟೆಯ ಮನೆಯಲ್ಲಿ ನನ್ನನ್ನು ಸಾಕಿದವಳು ಇವಳೇ. ಅಮ್ಮನ ಹಾಗೆಯೇ ಇವಳನ್ನೂ ಏಕವಚನದಲ್ಲಿ ಕರೆಯುತ್ತೇನೆ. ಅವಳು ಮದುವೆಯಾಗಲಿಲ್ಲ. ಮೈಸೂರಿನಿಂದ ಬಂದು ರೈಲ್ವೆಯ ವಿದ್ಯುತ್ ವಿಭಾಗದಲ್ಲಿ ಕೆಲಸಕ್ಕೆ ಸೇರಿ, ಅಲ್ಲೇ ನಿವೃತ್ತಳಾದಳು. ನಮ್ಮ ಮನೆಯ ಮಿಕ್ಸಿ, ಪಕ್ಕದ ಮನೆಯ ಫ್ಯಾನು, ಮೇಲಿನವರ ಇಸ್ತ್ರಿಪೆಟ್ಟಿಗೆ — ಕೆಟ್ಟದ್ದು ಯಾವುದೇ ಆಗಲಿ ಮೊದಲು ಅವಳ ಮುಂದೆ ಬರುತ್ತಿತ್ತು. ನಿವೃತ್ತಿಯಾದ ಮೇಲೆ ಕೊಂಡ ಹಳೆಯ ಕಾರೆಂದರೆ ಅವಳಿಗೆ ಪ್ರಾಣ. ನನ್ನ ಮಗಳು ಅನುವನ್ನು ಪಲ್ಲಾವರದ ಶಾಲೆಗೆ ಅದರಲ್ಲೇ ಕರೆದುಕೊಂಡು ಹೋಗಿ ಬರುತ್ತಿದ್ದಳು. ನನ್ನ ಗಂಡನನ್ನು ಆಗ ಬ್ಯಾಂಕಿನವರು ಮಧುರೈಗೆ ವರ್ಗ ಮಾಡಿದ್ದರು. ನಾನು ವಿಮೆ ಕಚೇರಿಗೆ ಹೋದರೆ ಬರುವುದು ಸಂಜೆ. ಹೀಗಾಗಿ ಅನುವಿನ ಲೋಕವೆಲ್ಲ ಚಿಕ್ಕಮ್ಮನೇ.

ಒಂದು ಸಲ ಪಾರ್ಕಿಂಗಿನ ಕಂಬಕ್ಕೆ ಕಾರು ಸ್ವಲ್ಪ ಉಜ್ಜಿತು. ಅಷ್ಟೇ ಆದದ್ದು. ಆದರೆ ನನ್ನ ತಲೆಯೊಳಗೆ ಒಂದು ಹೆದರಿಕೆ ಹೊಕ್ಕಿತು — ಅರವತ್ತು ದಾಟಿದ ಹೆಂಗಸು, ಈ ಊರಿನ ಟ್ರಾಫಿಕ್ಕು, ಹಿಂದೆ ಕೂತ ಮಗು. ಹೆದರಿಕೆ ಎಂದು ಹೇಳಿಕೊಂಡೆ. ಈಗ ಯೋಚಿಸಿದರೆ ಅದರೊಳಗೆ ಇನ್ನೇನೋ ಇತ್ತು. ಶಾಲೆಯಲ್ಲಿ ನಡೆದದ್ದನ್ನೆಲ್ಲ ಅನು ಅಜ್ಜಿಗೆ ಕಾರಿನಲ್ಲೇ ಹೇಳಿ ಮುಗಿಸಿಬಿಡುತ್ತಿದ್ದಳು. ಸಂಜೆ ನಾನು ಕೇಳಿದರೆ, "ಅಜ್ಜಿಕಿಟ್ಟ ಸೊಲ್ಲಿಟ್ಟೇನೇ" ಎಂದು ತಮಿಳಿನಲ್ಲಿ — ಅಜ್ಜಿಗೆ ಹೇಳಾಯಿತಲ್ಲ ಎಂದು — ಆಟಕ್ಕೆ ಓಡುತ್ತಿದ್ದಳು. ಆ ಕಾರಿನ ಮೇಲೆ ನನಗೆ ಹೊಟ್ಟೆಯುರಿ ಇತ್ತೆಂದು ಬರೆಯಲು ನಾಚಿಕೆಯಾಗುತ್ತದೆ. ಆದರೂ ಇತ್ತು.

ಓಡಿಸಬೇಡ ಎಂದು ಬಾಯಿಬಿಟ್ಟು ಹೇಳುವ ಧೈರ್ಯವಿರಲಿಲ್ಲ. ಆ ಭಾನುವಾರ ಚಿಕ್ಕಮ್ಮ ಬ್ಯಾಟರಿಯ ತುದಿಗಳ ಮೇಲೆ ಕೂತಿದ್ದ ಬಿಳಿ ಪುಡಿಯನ್ನು ಕೆರೆದು, ಒರೆಸಿ, ತಂತಿಗಳನ್ನು ಹಿಡಿಯುವ ಕ್ಲ್ಯಾಂಪುಗಳನ್ನು ಮತ್ತೆ ಬಿಗಿ ಮಾಡಿದ್ದಳು. ಮಾರನೆಯ ಬೆಳಿಗ್ಗೆ ಅವಳು ಸ್ನಾನಕ್ಕೆ ಹೋದಾಗ ನಾನು ಕೆಳಗಿಳಿದು ಅದರಲ್ಲೊಂದನ್ನು ಬಿಚ್ಚಿಟ್ಟು ಬಂದೆ. ಕಾರು ಸ್ಟಾರ್ಟ್ ಆಗದೆ ಬಾನೆಟ್ ಎತ್ತಿದ ಕೂಡಲೇ ಕಂಡುಹಿಡಿಯುತ್ತಾಳೆಂದು ಗೊತ್ತಿತ್ತು. ಅದೇ ನನಗೆ ಬೇಕಾಗಿತ್ತು. ನಿನ್ನೆ ತಾನೇ ಬಿಗಿ ಮಾಡಿದ್ದು ಇಂದು ಕಳಚಿಕೊಂಡಿದೆ ಎಂದು ಅವಳೇ ನೋಡಲಿ, ಅವಳಿಗೇ ತನ್ನ ಮೇಲೆ ಅನುಮಾನ ಬರಲಿ — ನಾನು ಮಾಡಿದ ತಪ್ಪು ಕ್ಲ್ಯಾಂಪಿಗಿಂತ ಹೆಚ್ಚಾಗಿ ಇದು.

ಮೇಲೆ ಬಂದರೆ ಅನು ಹಾಸಿಗೆಯಲ್ಲಿ ಎದ್ದು ಕೂತಿದ್ದಳು. ಅವಳಿಗೆ ಉಬ್ಬಸದ ತೊಂದರೆ. ಅಂದು ಎದೆ ಸಿಳ್ಳೆ ಹೊಡೆದ ಹಾಗೆ ಸದ್ದು ಮಾಡುತ್ತಿತ್ತು, ತುಟಿ ಬಿಳಿಚಿತ್ತು. ಅವಳನ್ನು ನೋಡುವ ಡಾಕ್ಟರು ಇರುವುದು ಪೋರೂರಿನಲ್ಲಿ. ಚಿಕ್ಕಮ್ಮ ಒದ್ದೆ ಕೂದಲನ್ನು ಹಾಗೇ ಗಂಟು ಹಾಕಿಕೊಂಡು, "ಆಟೋಗೆ ಕಾಯೋಕ್ಕಾಗಲ್ಲ. ಮಗೂನ ಎತ್ಕೋ, ಕಾರ್ ತೆಗೀತೀನಿ" ಎಂದಳು.

"ನೀನು ಅವಳನ್ನ ಕರ್ಕೊಂಡು ಬಾ, ನಾನು ಹೋಗಿ ಬಾಗಿಲು ತೆಗೆದಿರ್ತೀನಿ" ಎಂದು ಬೀಗದ ಕೈ ಕಿತ್ತುಕೊಂಡು ಮೆಟ್ಟಿಲಿಳಿದು ಓಡಿದೆ. ಕ್ಲ್ಯಾಂಪನ್ನು ಬೆರಳಿನಿಂದ ಒತ್ತಿ ಕೂರಿಸಿದೆ. ಅಷ್ಟರಲ್ಲಿ ಲಿಫ್ಟಿನ ಬಾಗಿಲ ಸದ್ದು. ಬಾನೆಟ್ ಮುಚ್ಚಿದೆ. ಕಾರು ಸ್ಟಾರ್ಟ್ ಆಯಿತು. ದೇವರು ದೊಡ್ಡವನು ಅಂದುಕೊಂಡೆ — ಎಂಥ ಹೊತ್ತಿನಲ್ಲಿ ಎಂಥ ಮಾತು.

ಬೈಪಾಸಿನಲ್ಲಿ ಹೋದರೆ ಬೇಗ ಎಂದು ಚಿಕ್ಕಮ್ಮ ಆ ಕಡೆ ತಿರುಗಿಸಿದಳು. ನಾನು ಅನುವನ್ನು ತೊಡೆಯ ಮೇಲಿಟ್ಟುಕೊಂಡು ಹಿಂದೆ ಕೂತಿದ್ದೆ. ಮೇಲ್ಸೇತುವೆ ಹತ್ತಿ ಇಳಿಯುವ ಜಾಗಕ್ಕೆ ಬಂದೆವು. ರಸ್ತೆಯ ಸಂದಿನಲ್ಲಿ ಚಕ್ರ ಧಡ್ ಎಂದಿತು. ಮರುಕ್ಷಣ ಎಲ್ಲವೂ ನಿಂತುಹೋಯಿತು. ಎಂಜಿನ್ನಿನ ಸದ್ದಿಲ್ಲ, ಮುಂದಿನ ಫಲಕದಲ್ಲಿ ಒಂದು ದೀಪವಿಲ್ಲ, ಮುಳ್ಳುಗಳೆಲ್ಲ ಮಲಗಿಬಿಟ್ಟಿದ್ದವು. ಚಿಕ್ಕಮ್ಮ ಹಾರ್ನ್ ಒತ್ತಿದಳು — ಇಲ್ಲ. ಅಪಾಯದ ದೀಪದ ಗುಂಡಿ ಒತ್ತಿದಳು — ಅದೂ ಇಲ್ಲ. ಕಾರು ಮಾತ್ರ ಇಳಿಜಾರಿನಲ್ಲಿ ಹೋಗುತ್ತಲೇ ಇತ್ತು, ಸದ್ದಿಲ್ಲದೆ. ಹಿಂದಿನ ಗಾಜಿನ ತುಂಬ ಒಂದು ಲಾರಿಯ ಮುಖ.

ಆಗ ನಾನು ನೋಡಿದ್ದನ್ನು ಹೇಗೆ ಬರೆಯಲಿ... ನನ್ನ ಜೀವಮಾನದಲ್ಲಿ ಒಬ್ಬ ಮನುಷ್ಯ ಪೂರ್ತಿಯಾಗಿ ಎಚ್ಚರವಾಗಿರುವುದನ್ನು ಕಂಡದ್ದು ಅದೊಂದೇ ಸಲ. ಚಿಕ್ಕಮ್ಮನ ಭುಜಗಳು ಬಿಗಿಯಾಗಲಿಲ್ಲ, ಬದಲಿಗೆ ಇಳಿದವು. ಗೇರನ್ನು ನ್ಯೂಟ್ರಲ್ಲಿಗೆ ತಂದಳು. ಬಲಗೈಯನ್ನು ಕಿಟಕಿಯಿಂದ ಪೂರ್ತಿ ಹೊರಗೆ ಚಾಚಿ, ಅಂಗೈ ಬಿಡಿಸಿ, ನಿಧಾನವಾಗಿ ಮೇಲೆ ಕೆಳಗೆ ಆಡಿಸಿದಳು. ಎಡಗೈಯೊಂದರಲ್ಲೇ, ಕಲ್ಲಿನ ಹಾಗೆ ಭಾರವಾಗಿದ್ದ ಸ್ಟಿಯರಿಂಗನ್ನು ಎಡಕ್ಕೆ ಎಳೆದು ಹಿಡಿದಳು. ನಾನು "ಕೀಲಿ ತಿರುಗಿಸು, ತೆಗೆದು ಮತ್ತೆ ಹಾಕು" ಎಂದು ಅರಚಿದೆ.

"ಕೀಲಿ ತೆಗೆದ್ರೆ ಸ್ಟಿಯರಿಂಗ್ ಲಾಕ್ ಆಗತ್ತೆ. ಸುಮ್ನೆ ಕೂತ್ಕೋ. ಬ್ರೇಕ್ ಇನ್ನೂ ಇದೆ" ಎಂದಳು. ಅಡುಗೆಮನೆಯಲ್ಲಿ ಉಪ್ಪು ಇನ್ನೂ ಇದೆ ಎನ್ನುವ ದನಿ ಅದು.

ಬ್ರೇಕನ್ನು ಅವಳು ಮತ್ತೆ ಮತ್ತೆ ತುಳಿಯಲಿಲ್ಲ. ಎಂಜಿನ್ ನಿಂತ ಮೇಲೆ ಪೆಡಲು ಮೆತ್ತಗಿರುವುದು ಒಂದೆರಡು ಸಲಕ್ಕೆ ಮಾತ್ರವಂತೆ, ಆಮೇಲೆ ಮರಗಟ್ಟುತ್ತದಂತೆ. ಅದನ್ನು ಉಳಿಸಿಟ್ಟುಕೊಂಡು, ಇಳಿಜಾರಿನ ವೇಗವನ್ನೇ ಬಳಸಿ, ಲಾರಿಗಳ ಸಾಲನ್ನು ದಾಟಿಸಿ, ಎಡಬದಿಯ ಅಂಚಿನಲ್ಲಿ ಒಂದೇ ಒತ್ತಿಗೆ ಕಾರನ್ನು ನಿಲ್ಲಿಸಿದಳು. ಅನುವಿನ ತಲೆ ನನ್ನ ಎದೆಯಿಂದ ಕದಲಲಿಲ್ಲ. ಹಿಂದಿದ್ದ ಲಾರಿಯವನು ನಿಧಾನ ಮಾಡಿ, ಕಿಟಕಿಯಿಂದ ಬಗ್ಗಿ, "ಪಾಟಿಮ್ಮಾ, ಸೂಪರಾ ನಿಪ್ಪಾಟಿಟ್ಟೀಂಗ" — ಅಜ್ಜಿ, ಚೆನ್ನಾಗಿ ನಿಲ್ಲಿಸಿದಿರಿ — ಎಂದು ಹೇಳಿ ಮುಂದೆ ಹೋದ.

ಅವಳು ಒಂದು ಕ್ಷಣವೂ ಕೂರಲಿಲ್ಲ. ಹೆಡ್‌ಲೈಟ್ ಹಾಕಿ ನೋಡಿದಳು, ಒಳಗಿನ ದೀಪ ಹಾಕಿ ನೋಡಿದಳು. ತನಗೆ ತಾನೇ ಹೇಳಿಕೊಂಡಂತೆ, "ಬ್ಯಾಟರಿ ಸೋತಿದ್ರೆ ಮಂಕಾಗಾದ್ರೂ ಉರೀಬೇಕಿತ್ತು. ಪೂರ್ತಿ ಕತ್ಲೆ ಅಂದ್ರೆ ಎಲ್ಲೋ ಸಂಬಂಧನೇ ಬಿಟ್ಟೋಗಿದೆ" ಎಂದಳು. ಸೀಟಿನ ಕೆಳಗಿನ ಉಪಕರಣಗಳ ಚೀಲ ಎತ್ತಿಕೊಂಡು ಇಳಿದು ಬಾನೆಟ್ ಎತ್ತಿದಳು. ನನ್ನ ಕಿವಿಯಲ್ಲಿ ಅನುವಿನ ಉಸಿರು ಮಾತ್ರ. ಮುಂದಿನ ಫಲಕದ ದೀಪಗಳು ಒಮ್ಮೆಲೇ ಹತ್ತಿಕೊಂಡವು. ಅವಳು ಬಂದು ಕೂತು ಕೀಲಿ ತಿರುಗಿಸಿದಳು, ಎಂಜಿನ್ ಎದ್ದಿತು. ಅಷ್ಟು ಹೊತ್ತು ಅವಳ ಮುಖದಲ್ಲಿ ಗಾಬರಿಯನ್ನು ಹುಡುಕುತ್ತಿದ್ದೆ. ಸಿಗಲಿಲ್ಲ. ಈ ಕೈಗಳನ್ನು ನಂಬಲಾರೆ ಎಂದು ಬೆಳಿಗ್ಗೆ ಅಂದುಕೊಂಡವಳು ನಾನೇನಾ ಎಂದು ನನ್ನನ್ನೇ ಕೇಳಿಕೊಂಡೆ.

ಆಸ್ಪತ್ರೆಯಲ್ಲಿ ಅನುವಿನ ಮುಖಕ್ಕೆ ಔಷಧದ ಆವಿ ಬಿಡುವ ಮಾಸ್ಕ್ ಹಾಕಿದರು. ಸ್ವಲ್ಪ ಹೊತ್ತಿಗೆ ತುಟಿಗೆ ಬಣ್ಣ ಬಂತು. ನಾನು ಹೊರಗಿನ ಬೆಂಚಿಗೆ ಬಂದೆ. ಚಿಕ್ಕಮ್ಮ ಅಲ್ಲಿ ಕೂತು ತನ್ನ ಎರಡು ಅಂಗೈಗಳನ್ನು ನೋಡಿಕೊಳ್ಳುತ್ತಿದ್ದಳು.

"ಕ್ಲ್ಯಾಂಪ್ ಬಿಟ್ಟೋಗಿತ್ತು ಕಣೇ. ನಿನ್ನೆ ನಾನೇ ಬಿಗಿ ಮಾಡಿದ್ದು. ಮಾಡ್ದೆ ಅಂತ ಅಂದ್ಕೊಂಡಿದ್ದೆ. ಮಗೂನ ಕೂರಿಸ್ಕೊಂಡು... ನನ್ನ ಕೈಗೇ ಗೊತ್ತಾಗ್ಲಿಲ್ವಲ್ಲ."

ಹೇಳಬಹುದಾಗಿದ್ದ ಹೊತ್ತು ಅದು. ಬಾಯಿಯ ತನಕ ಬಂದಿತ್ತು. ಬದಲಿಗೆ ನಾನು ಅಂದದ್ದು ಇದು: "ಹೋಗಲಿ ಬಿಡು ಚಿಕ್ಕಮ್ಮ. ವಯಸ್ಸಾಯ್ತಲ್ಲ."

ಅವಳು ತಲೆಯಾಡಿಸಿದಳು. ನನ್ನ ಮಾತನ್ನು ಅಷ್ಟು ಸಲೀಸಾಗಿ ಒಪ್ಪಿಕೊಂಡಳು.

ಮನೆಗೆ ಮರಳಿ ಓಡಿಸಿಕೊಂಡು ಬಂದದ್ದೇ ಕೊನೆ. ಮುಂದಿನ ತಿಂಗಳು ಕಾರನ್ನು ಮಾರಿದೆವು. ಆಮೇಲೆ ನಾನು ಎಣಿಸದೇ ಇದ್ದದ್ದು ಶುರುವಾಯಿತು. ಮಿಕ್ಸಿ ಕೆಟ್ಟರೆ "ಅಂಗಡಿಗೆ ಕೊಡು" ಎನ್ನತೊಡಗಿದಳು. ಗ್ಯಾಸಿನ ಗುಂಡಿ ತಿರುಗಿಸಿ, ಹೋಗಿ, ಮತ್ತೆ ಬಂದು ನೋಡುವಳು. ಬೀಗ ಹಾಕಿದ ಮೇಲೆ ಎಳೆದು ನೋಡಲು ನನ್ನನ್ನು ಕರೆಯುವಳು. ಮೇಲಿನ ಮನೆಯವರು ಇಸ್ತ್ರಿಪೆಟ್ಟಿಗೆ ತಂದರೆ, "ಬೇಡಮ್ಮ, ನಾನು ಮುಟ್ಟಲ್ಲ" ಎಂದು ವಾಪಸು ಕಳಿಸಿದಳು. ನನಗೆ ಬೇಕಾಗಿದ್ದ ಅನುಮಾನ ಅವಳಿಗೆ ಬಂದಿತ್ತು. ಕಾರಿನಲ್ಲಿ ಶುರುವಾದದ್ದು ಕಾರಿನಲ್ಲಿ ನಿಲ್ಲಲಿಲ್ಲ. ನಾನು ನೋಡುತ್ತಲೇ ಇದ್ದೆ — ವರ್ಷಗಟ್ಟಲೆ — ಒಂದು ಮಾತು ಹೇಳಿದ್ದರೆ ಸಾಕಾಗಿತ್ತು.

ಅನು ಈಗ ಕಾಲೇಜು ಸೇರಿದ್ದಾಳೆ, ಡ್ರೈವಿಂಗ್ ಕಲಿಯುತ್ತಿದ್ದಾಳೆ. ಮೊನ್ನೆ, "ಅಜ್ಜಿ, ನೀಂಗ ಪಕ್ಕತ್ತುಲ ಉಕ್ಕಾರುಂಗ" ಎಂದು, ಪಕ್ಕದಲ್ಲಿ ಕೂತುಕೊಳ್ಳಿ ಎಂದು, ಗೋಗರೆದಳು. ಚಿಕ್ಕಮ್ಮ, "ಬೇಡ ಕಂದ. ನನ್ನ ಮಾತು ಕೇಳಿ ಎಲ್ಲಾದ್ರೂ ತಪ್ಪಾದ್ರೆ? ಆವತ್ತೇ ನಿನ್ನ ಜೀವ ತೆಗೀತಿದ್ದೆ" ಎಂದಳು. ಆ ಮಾತನ್ನು ಕೇಳಿಕೊಂಡು ನಾನು ಸುಮ್ಮನಿರಲು ಆಗಲಿಲ್ಲ. ಅನು ಹೊರಗೆ ಹೋದ ಮೇಲೆ, ಬಾಲ್ಕನಿಯಲ್ಲಿ ಸೊಪ್ಪು ಬಿಡಿಸುತ್ತಿದ್ದವಳ ಎದುರು ನೆಲದ ಮೇಲೆ ಕೂತು ಎಲ್ಲ ಹೇಳಿದೆ. ಕಾರಿನ ಮೇಲಿನ ಹೊಟ್ಟೆಯುರಿಯನ್ನೂ.

ಅವಳ ಕೈ ನಿಂತಿತು. ಆಮೇಲೆ ಕೇಳಿದಳು, "ಸ್ಪ್ಯಾನರ್ ಸೀಟಿನ ಕೆಳಗೇ ಇತ್ತಲ್ಲೇ. ಯಾಕೆ ಬಿಗಿ ಮಾಡ್ಲಿಲ್ಲ?"

"ಲಿಫ್ಟಿನ ಸದ್ದು ಕೇಳಿಸ್ತು. ನೀನು ನೋಡಿಬಿಡ್ತೀಯ ಅಂತ..."

"ಅಷ್ಟಕ್ಕೆ" ಎಂದಳು. ಮತ್ತೆ, "ಮಗು ಇತ್ತಲ್ಲೇ ಒಳಗೆ" ಎಂದಳು. ಸೊಪ್ಪಿನ ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ಅತ್ತರೂ ಬೈದರೂ ನನಗೆ ಹಗುರಾಗುತ್ತಿತ್ತೇನೋ. ಅವಳು ಎರಡನ್ನೂ ಮಾಡಲಿಲ್ಲ. ಊಟಕ್ಕೆ ಕರೆಯುತ್ತಾಳೆ, ಬೇಕಾದಷ್ಟೇ ಮಾತಾಡುತ್ತಾಳೆ. ಕ್ಷಮಿಸಿದೆ ಎಂದು ಹೇಳಿಲ್ಲ, ನಾನು ಕೇಳಿಯೂ ಇಲ್ಲ. ಕೇಳುವುದು ಮತ್ತೆ ಅವಳಿಂದಲೇ ಏನನ್ನೋ ಪಡೆದುಕೊಂಡ ಹಾಗೆ.

ಇಂದು ಮಧ್ಯಾಹ್ನ ಅವಳಾಗಿಯೇ ಬಂದು, "ಅನೂಗೆ ನೀನು ಹೇಳ್ತೀಯೋ, ನಾನು ಹೇಳ್ಲೋ?" ಎಂದು ಕೇಳಿದಳು.

"ನಾನೇ ಹೇಳ್ತೀನಿ. ನೀನೂ ಕೂತಿರು" ಎಂದೆ. ಅವಳು ಎದುರಿಗಿದ್ದರೆ ಯಾವ ಮಾತನ್ನೂ ಮೆತ್ತಗೆ ಮಾಡಿ ಹೇಳಲು ನನಗೆ ಸಾಧ್ಯವಾಗುವುದಿಲ್ಲ.

ಅನು ಬರುವ ಹೊತ್ತಾಯಿತು. ಚಿಕ್ಕಮ್ಮ ಕುರ್ಚಿ ಎಳೆದುಕೊಂಡು ಕೂತಿದ್ದಾಳೆ.